ಎರಡನೇ ಕುರ್ಚಿ

ಆ ದಿನ ಬೆಳಿಗ್ಗೆ ಮಂಜು ಬೀದಿಗೆ ಇಳಿದು ಕೂತುಬಿಟ್ಟಿತ್ತು. ಎದುರು ಸಾಲಿನ ಅಂಗಡಿಗಳು ತೆರೆದಿವೆಯೋ ಮುಚ್ಚಿವೆಯೋ ಈ ಕಡೆ ನಿಂತವರಿಗೆ ತಿಳಿಯುತ್ತಿರಲಿಲ್ಲ. ಹಾಲಿನವನ ಸೈಕಲ್ಲಿನ ಗಂಟೆ ಕೇಳಿಸಿತು, ಸೈಕಲ್ಲು ಮಾತ್ರ ಕಾಣದೆಯೇ ಹಾದುಹೋಯಿತು. ಕ್ಷೌರದಂಗಡಿಯ ಅಣ್ಣತಮ್ಮಂದಿರಲ್ಲಿ ತಮ್ಮನಾದವನು ಶಟರ್ ಎತ್ತಿ, ದೀಪ ಹಾಕಿ, ಅಪ್ಪನ ಕಾಲದ ದೊಡ್ಡ ಕನ್ನಡಿಯನ್ನು ಒರೆಸಿ, ದಿನವೂ ನಿಲ್ಲುವ ಹಾಗೆ ಅದರ ಮುಂದೆ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತ. ಈ ಅಂಗಡಿಗೆ ಬಂದವರ ಮೈಮೇಲೆ ಒಂದು ಗೀರೂ ಬೀಳದಿರಲಿ ದೇವರೇ ಎಂಬುದು ಅವನ ಬೇಡಿಕೆ. ಅಪ್ಪ ಹೇಳಿಕೊಟ್ಟದ್ದು. ಮೊದಲೆಲ್ಲ ಅದನ್ನು ಬಾಯಿಪಾಠದ ಹಾಗೆ ಒಪ್ಪಿಸಿ ಕೆಲಸಕ್ಕೆ ತಿರುಗುತ್ತಿದ್ದ. ಈಗೊಂದು ವರ್ಷದಿಂದ ಒಂದೊಂದು ಮಾತನ್ನೂ ನಿಜವಾಗಿಯೇ ಬೇಡಿಕೊಳ್ಳುತ್ತಿದ್ದ.

ಅಣ್ಣ ಬಂದದ್ದು ಸದ್ದಿನಿಂದಲೇ ಗೊತ್ತಾಯಿತು. ಬಾಗಿಲ ಎಡಗಡೆಯ ಕಂಬಕ್ಕೆ ಅವನ ಭುಜ ಬಡಿದಿತ್ತು. ಹಾಳು ಮಂಜು, ಕಂಬವೇ ಕಾಣುವುದಿಲ್ಲ ಎಂದು ಗೊಣಗಿಕೊಂಡೇ ಒಳಗೆ ಬಂದ. ಹೌದಣ್ಣ, ಬಹಳ ಮಂಜು ಎಂದ ತಮ್ಮ. ಅಣ್ಣ ಕೋಟು ಬಿಚ್ಚಿ ಮೊಳೆಗೆ ಹಾಕಿ, ಬಿಸಿನೀರಿನ ಬಟ್ಟಲನ್ನು ತಂದು ಕನ್ನಡಿಯ ಕೆಳಗಿನ ಹಲಗೆಯ ಎಡ ತುದಿಯಲ್ಲಿ ಇಟ್ಟ. ಬಟ್ಟಲಿನ ಅರ್ಧ ಹಲಗೆಯ ಮೇಲೆ, ಅರ್ಧ ಗಾಳಿಯಲ್ಲಿ. ಅವನು ಕೈ ಬಿಟ್ಟಕೂಡಲೇ ಅದು ಉರುಳಿ ನೆಲದ ತುಂಬ ನೀರಾಯಿತು.

"ಈ ಹಲಗೇನ ಆ ಕಡೆ ಸರಿಸಿದ್ದು ಯಾರೋ?"

ಗೋಡೆಗೆ ಹೊಡೆದ ಹಲಗೆಯನ್ನು ಯಾರು ಸರಿಸುತ್ತಾರೆ? ಅಂಗಡಿಯ ಒಳಗಂತೂ ಮಂಜು ಇರಲಿಲ್ಲ. "ನಾನೇ ಇರಬೇಕು ಬಿಡಣ್ಣ," ಎಂದು ತಮ್ಮ ಬಟ್ಟೆ ತಂದು ನೆಲ ಒರೆಸಿದ.

ಅಣ್ಣ ಕೆಟ್ಟವನಲ್ಲ. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ, ಕೈಹಿಡಿದು ಕೆಲಸ ಕಲಿಸಿದವನು. ಹಾಸಿಗೆ ಹಿಡಿದ ಮುದುಕರಿದ್ದರೆ ಅವರ ಮನೆಗೇ ಹೋಗಿ, ಮಗುವಿನ ತಲೆ ಹಿಡಿದ ಹಾಗೆ ಹಿಡಿದು ಕೂದಲು ಕತ್ತರಿಸಿ ಬರುವವನು. ಆದರೆ ಅವನ ಕೆಲಸದಲ್ಲಿ ಕುಂದು ಇದೆ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ವಕೀಲರು ಎನ್ನುತ್ತಿದ್ದರು. ನೀರು ತಣ್ಣಗಿದೆಯಲ್ಲ ಎಂದರೆ ನಿಮಗೆ ಜ್ವರ ಬಂದಿರಬೇಕು, ನೋಡಿಸಿಕೊಳ್ಳಿ ಎನ್ನುವನು. ಕಾದು ಕಾದು ಹೊತ್ತಾಯಿತು ಎಂದರೆ, ನೀವು ಬೇಗ ಬಂದದ್ದಕ್ಕೆ ನಾನೇನು ಮಾಡಲಿ ಎನ್ನುವನು. ಇನ್ನೂ ಬಾಯಿ ತೆರೆಯದವರಿಗೂ ಅವನ ಉತ್ತರ ಸಿದ್ಧವಾಗಿರುತ್ತಿತ್ತು.

ಅವನೊಡನೆ ಬಾಳಬೇಕಾದವರೆಲ್ಲ ತಮ್ಮ ತಮ್ಮ ದಾರಿ ಕಂಡುಕೊಂಡಿದ್ದರು. ಪಕ್ಕದಂಗಡಿಯ ಟೈಲರು ತನ್ನ ದೂರನ್ನೆಲ್ಲ ತನ್ನ ಷಡ್ಡಕನ ಹೆಸರಿಗೆ ಹಚ್ಚುತ್ತಿದ್ದ. ನನಗೇನೋ ಬಹಳ ಚೆನ್ನಾಗಿದೆ ಸ್ವಾಮಿ, ನನ್ನ ಷಡ್ಡಕ ಒಬ್ಬನಿದ್ದಾನೆ, ಅವನು ನೋಡಿದರೆ ಹಿಂದುಗಡೆ ಸ್ವಲ್ಪ ಸಣ್ಣ ಆಗಬೇಕಿತ್ತು ಅನ್ನಬಹುದು ಎನ್ನುವನು. ಆ ಷಡ್ಡಕನನ್ನು ಯಾರೂ ಕಂಡವರಿಲ್ಲ. ಮೇಷ್ಟ್ರು, ಎಂದರೆ ಬೀದಿಯ ಕೊನೆಯ ಶಾಲೆಯಲ್ಲಿ ಪಾಠ ಹೇಳಿ ಈಗ ಮನೆಯಲ್ಲಿರುವವರು, ಕುರ್ಚಿಗೆ ಕೂತ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದರು. ಏಳುವಾಗ ಕನ್ನಡಿ ನೋಡದೆಯೇ, ಬಹಳ ಹಗುರಾಯಿತಪ್ಪ ಎನ್ನುವರು. ಅತ್ತಿಗೆ ಮನೆಯಲ್ಲಿ ಎಲ್ಲ ತಪ್ಪನ್ನೂ ತನ್ನ ಮೇಲೆ ಎಳೆದುಕೊಂಡು ಮಾತು ಬೆಳೆಯದ ಹಾಗೆ ನೋಡಿಕೊಳ್ಳುತ್ತಿದ್ದಳು.

ಅಣ್ಣ ಹೀಗಾದದ್ದು ಯಾಕೆ ಎಂದು ತಮ್ಮನಿಗೆ ಸ್ವಲ್ಪ ತಿಳಿದಿತ್ತು. ಅಪ್ಪನಿಗೆ ಒಂದು ಕ್ರಮವಿತ್ತು. ಕೂದಲು ಕತ್ತರಿಸಿ ಮುಗಿದ ಮೇಲೆ ಗಿರಾಕಿಯ ಹಿಂದೆ ನಿಂತು, ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ತಲೆಯ ಎರಡೂ ಕಡೆ ಇಟ್ಟು ನಿಧಾನವಾಗಿ ಕೆಳಗಿಳಿಸುವುದು. ಕಣ್ಣಿಗೆ ತಪ್ಪಿಸಿಕೊಂಡದ್ದು ಕೈಗೆ ಸಿಕ್ಕುತ್ತದೆ ಎಂದು ಅಪ್ಪ ಹೇಳುತ್ತಿದ್ದ. ಅಣ್ಣ ಕೆಲಸ ಕಲಿಯುವಾಗ ಅವನ ಕೈ ಸ್ವಲ್ಪ ತಪ್ಪಿದರೂ ಸಾಕು, ಅಪ್ಪ ಅವನ ಅಂಗೈಯನ್ನು ಹಿಡಿದೆಳೆದು ಆ ತಲೆಯ ಮೇಲೆ ಒತ್ತಿ, ಅಂಗಡಿ ತುಂಬ ಜನ ಕೂತಿರುವಾಗಲೇ, ಹೇಳು, ಎಲ್ಲಿ ಕೆಡಿಸಿದ್ದೀಯ ಹೇಳು ಎಂದು ಕೇಳುತ್ತಿದ್ದ. ಅವನು ಹೇಳುವವರೆಗೂ ಕೈ ಬಿಡುತ್ತಿರಲಿಲ್ಲ. ಜನ ನಗುತ್ತಿದ್ದರು. ಅಪ್ಪ ಹೋದ ದಿನದಿಂದ ಅಣ್ಣ ಯಾರ ತಲೆಯ ಮೇಲೂ ಹಾಗೆ ಅಂಗೈ ಇಟ್ಟಿರಲಿಲ್ಲ. ತಮ್ಮನಿಗೂ ಅದನ್ನು ಕಲಿಸಿರಲಿಲ್ಲ.

ಹೋದ ವರ್ಷದ ಒಂದು ದಿನ ಮೇಷ್ಟ್ರು ಕಣ್ಣು ಬಿಟ್ಟು ಕನ್ನಡಿ ನೋಡಿದ್ದೇ ಮೊದಲಾಯಿತು. ಎಡಗಿವಿಯ ಮೇಲೆ ಒಂದು ಕುಚ್ಚು ಕೂದಲು ಹಾಗೆಯೇ ಉಳಿದಿತ್ತು. ಅವರು ಬೆರಳಿನಿಂದ ಮುಟ್ಟಿ ತೋರಿಸಿದರು.

"ನಿಮ್ಮ ತಲೆನೇ ಆ ಕಡೆ ಸ್ವಲ್ಪ ಉಬ್ಬಿದೆ ಮೇಷ್ಟ್ರೇ. ಇಷ್ಟು ವರ್ಷ ನಾನು ಹೇಳಿರಲಿಲ್ಲ ಅಷ್ಟೇ."

ಮೇಷ್ಟ್ರು ತಮ್ಮನ ಮುಖ ನೋಡಿದರು. ತಮ್ಮ ಕೂಡಲೇ ತನ್ನ ಕುರ್ಚಿ ತಿರುಗಿಸಿ, ಬನ್ನಿ ಮೇಷ್ಟ್ರೇ, ಕುತ್ತಿಗೆಗೆ ಪೌಡರ್ ಹಾಕಿ ಕಳಿಸ್ತೀನಿ ಎಂದು ಕರೆದ. ಪೌಡರಿನ ನೆಪದಲ್ಲಿ ಕುಚ್ಚನ್ನು ಕತ್ತರಿಸಿದ. ಅಣ್ಣ ಆಗಲೇ ಮುಂದಿನವರಿಗೆ ಬಿಳಿ ಬಟ್ಟೆ ಹೊದಿಸುತ್ತಿದ್ದ.

ಅಲ್ಲಿಂದ ಅದೇ ರೂಢಿಯಾಯಿತು. ಬಾಗಿಲ ಬಳಿಯ ಅಪ್ಪನ ಕುರ್ಚಿಯಲ್ಲಿ ಅಣ್ಣ ಕತ್ತರಿಸುವುದು, ಒಳಗಿನ ಎರಡನೇ ಕುರ್ಚಿಯಲ್ಲಿ ತಮ್ಮ ಪೌಡರ್ ಹಾಕುವುದು. ಬೀದಿಯವರಿಗೆಲ್ಲ ಗೊತ್ತಾಗಿಹೋಯಿತು. ಮೊದಲನೇ ಕುರ್ಚಿಯಿಂದ ಎದ್ದವರು ಯಾರೂ ನೇರವಾಗಿ ಹೊರಗೆ ಹೋಗುತ್ತಿರಲಿಲ್ಲ. ಪೌಡರ್ ಇಲ್ಲದೆ ಹೋದರೆ ನನ್ನ ಷಡ್ಡಕ ಸುಮ್ಮನಿರೋದಿಲ್ಲಪ್ಪ ಎಂದು ಟೈಲರು ಕಣ್ಣು ಮಿಟುಕಿಸುವನು. ಎಲ್ಲರೂ ಅಣ್ಣನ ಮರ್ಯಾದೆ ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದರು. ಕೆಡುವುದು ಯಾವಾಗಲೂ ಎಡಗಡೆಯೇ ಯಾಕೆ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಕೇಳಿಕೊಂಡವನು ತಮ್ಮ ಒಬ್ಬನೇ. ಒಂದು ಮಧ್ಯಾಹ್ನ ಊಟ ಮಾಡುವಾಗ ಅವನು ಮೆಲ್ಲಗೆ, ಅಣ್ಣ, ಒಂದು ಸಲ ಕಣ್ಣು ತೋರಿಸಿಕೊಂಡು ಬರೋಣವಾ ಎಂದಿದ್ದ. ಅಣ್ಣ ತಟ್ಟೆ ಸರಿಸಿ ಎದ್ದುಹೋದ. ಮನೆಯಲ್ಲಿ ಅತ್ತಿಗೆಯ ಮುಂದೆ, ಅವನ ಕಣ್ಣಿರೋದು ನನ್ನ ಕಣ್ಣಿನ ಮೇಲಲ್ಲ, ಅಪ್ಪನ ಕುರ್ಚಿ ಮೇಲೆ ಎಂದನಂತೆ. ಆ ಮಾತು ತಮ್ಮನ ಕಿವಿಗೂ ಬಂತು. ಎದೆಗೆ ನಾಟಿತು. ಇನ್ನು ಈ ವಿಷಯ ಎತ್ತುವುದಿಲ್ಲ ಎಂದುಕೊಂಡ.

ಆಮೇಲೆ ಕತ್ತಿಯ ಪ್ರಸಂಗ ನಡೆಯಿತು. ಅಪ್ಪನವು ಎರಡು ಕ್ಷೌರದ ಕತ್ತಿಗಳಿದ್ದವು, ಮರದ ಹಿಡಿಯವು, ಮಡಚುವಂಥವು. ಒಬ್ಬೊಬ್ಬ ಮಗನಿಗೆ ಒಂದೊಂದು ಎಂದು ಅಪ್ಪ ಸಾಯುವ ಮುಂಚೆ ತಾನೇ ಕೈಗೆ ಕೊಟ್ಟಿದ್ದ. ಎರಡಕ್ಕೂ ಸಾಣೆ ಹಿಡಿಯುವುದು ತಮ್ಮನ ಕೆಲಸ. ಒಂದು ಬೆಳಿಗ್ಗೆ ಅಣ್ಣನ ಕೈಯಲ್ಲಿ ಟೈಲರನ ಎಡಗಿವಿಯ ತುದಿ ಗೀರಿ ರಕ್ತ ಬಂತು. ಸಾಣೆ ಕೆಟ್ಟಿದೆ, ಅದಕ್ಕೇ ಜಾರಿತು ಎಂದು ಅಣ್ಣ ಅಂಗಡಿಯೆಲ್ಲ ಕೇಳುವ ಹಾಗೆ ಹೇಳಿದ. ಅಷ್ಟಕ್ಕೇ ಬಿಡಲಿಲ್ಲ. ಅಪ್ಪನ ಕತ್ತಿ ಹಿಡಿಯುವ ಯೋಗ್ಯತೆ ಬರುವವರೆಗೆ ನಿನ್ನದೂ ನನ್ನ ಹತ್ತಿರ ಇರಲಿ ಎಂದು ತಮ್ಮನ ಕತ್ತಿಯನ್ನು ಇಸಿದುಕೊಂಡು, ಬಟ್ಟೆಯಲ್ಲಿ ಸುತ್ತಿ, ತನ್ನ ಡ್ರಾಯರಿನೊಳಗೆ ಇಟ್ಟು ಬೀಗ ಹಾಕಿದ. ಕೀಲಿಯನ್ನು ಜೇಬಿಗೆ ಸೇರಿಸಿದ.

ತಮ್ಮ ಅದನ್ನೂ ಹೊಟ್ಟೆಗೆ ಹಾಕಿಕೊಂಡ. ಅಂದಿನಿಂದ ಬ್ಲೇಡು ಸಿಕ್ಕಿಸುವ ಅಗ್ಗದ ಕತ್ತಿಯಲ್ಲಿ ಕೆಲಸ ಮಾಡುತ್ತಿದ್ದ.

ಮಂಜಿನ ಆ ಬೆಳಿಗ್ಗೆ ಮೊದಲು ಬಂದವರು ಮೇಷ್ಟ್ರು. ಮಫ್ಲರು ಬಿಚ್ಚಿ, ಕೂತು, ಎಂದಿನಂತೆ ಕಣ್ಣು ಮುಚ್ಚಿದರು. ಕೂದಲು ಮುಗಿಯಿತು, ಗಡ್ಡಕ್ಕೆ ನೊರೆ ಹಚ್ಚಿ ಅಣ್ಣ ಕತ್ತಿ ಬಿಚ್ಚಿದ. ನೊರೆಯ ಒಂದು ಹನಿ ಕಿವಿಯೊಳಗೆ ಇಳಿಯಿತೋ ಏನೋ, ಮೇಷ್ಟ್ರು ಹೊದಿಸಿದ ಬಟ್ಟೆಯ ಕೆಳಗಿನಿಂದ ಎಡಗೈ ತೆಗೆದು ಕಿವಿಯ ಕಡೆಗೆ ಒಯ್ದರು. ನಿಧಾನವಾಗಿಯೇ ಒಯ್ದರು, ಮುದುಕರ ಕೈ. ಎರಡನೇ ಕುರ್ಚಿಯ ಹಿಂದೆ ನಿಂತಿದ್ದ ತಮ್ಮನಿಗೆ ಆ ಕೈ ಏಳುವುದು ಕಂಡಿತು. ಪಕ್ಕದಲ್ಲೇ ನಿಂತ ಅಣ್ಣನಿಗೆ ಕಾಣಲಿಲ್ಲ. ತಮ್ಮ ಬಾಯಿ ತೆರೆಯುವಷ್ಟರಲ್ಲಿ ಕತ್ತಿ ಮೇಷ್ಟ್ರ ಬೆರಳುಗಳ ಮೇಲೆ ಅಡ್ಡವಾಗಿ ಹಾದುಹೋಗಿತ್ತು.

ಬಿಳಿ ಬಟ್ಟೆಯ ಮೇಲೆ ರಕ್ತ ಹರಡಿತು. ಕತ್ತಿ ನಡೆಯುವಾಗ ಕೈ ಯಾಕೆ ಎತ್ತಿದಿರಿ, ಚಿಕ್ಕಮಕ್ಕಳಿಗೂ ಗೊತ್ತಿರುತ್ತದೆ ಎಂದು ಅಣ್ಣ ಶುರುಮಾಡಿದ. ಅವನ ಮುಖ ಬಿಳಿಚಿಕೊಂಡಿತ್ತು, ಮಾತು ಮಾತ್ರ ನಿಲ್ಲಲಿಲ್ಲ. ಮೇಷ್ಟ್ರು ನೋವಿನಲ್ಲೂ ತಲೆಯಾಡಿಸಿ, ತಪ್ಪು ನನ್ನದೇಪ್ಪ, ನನ್ನದೇ ಎಂದರು. ತಮ್ಮ ಅವರ ಬೆರಳುಗಳನ್ನು ಒತ್ತಿ ಹಿಡಿದು, ಬಟ್ಟೆ ಸುತ್ತಿ, ಕೈಹಿಡಿದು ನಡೆಸಿಕೊಂಡು ದವಾಖಾನೆಗೆ ಹೋದ. ಬೆರಳುಗಳಿಗೆ ಹೊಲಿಗೆ ಬಿದ್ದವು. ಮನೆಯ ಬಾಗಿಲವರೆಗೆ ಬಿಟ್ಟು ಹೊರಡುವಾಗ ಮೇಷ್ಟ್ರು ಅವನ ತೋಳು ಹಿಡಿದು ನಿಲ್ಲಿಸಿದರು.

"ಇನ್ನು ಸುಮ್ಮನಿರಬೇಡಪ್ಪ. ನನ್ನ ಕೈ ಹೋಗಲಿ, ನಾಳೆ ಯಾರದೋ ಕುತ್ತಿಗೆ ಆದರೆ ನಿಮ್ಮಣ್ಣ ಅದನ್ನ ತಡಕೊಂಡು ಬದುಕಿರೋದಿಲ್ಲ."

ತಮ್ಮ ಮಂಜಿನಲ್ಲಿ ನಡೆದು ಬಂದ. ದಾರಿಯುದ್ದಕ್ಕೂ ಏನು ಹೇಳಲಿ, ಹೇಗೆ ಹೇಳಲಿ ಎಂದು ದೇವರನ್ನು ಕೇಳುತ್ತ ಬಂದ. ಯಾವ ಮಾತನ್ನು ಎತ್ತಿಕೊಂಡರೂ ಅದಕ್ಕೆ ಅಣ್ಣನ ಉತ್ತರ ಮೊದಲೇ ಕೇಳಿಸುತ್ತಿತ್ತು. ಅಂಗಡಿಗೆ ಬಂದಾಗ ಅಣ್ಣ ರಕ್ತದ ಬಟ್ಟೆಯನ್ನು ಬಕೆಟ್ಟಿನಲ್ಲಿ ಹಿಂಡುತ್ತಿದ್ದ. ತಮ್ಮ ಶಟರನ್ನು ನೆಲದವರೆಗೂ ಎಳೆದ. ಅಪ್ಪನ ಕುರ್ಚಿಯಲ್ಲಿ ಹೋಗಿ ಕೂತ.

"ನನ್ನ ಕೂದಲು ಕತ್ತರಿಸಣ್ಣ. ಬಹಳ ಬೆಳೆದಿದೆ."

ಅಣ್ಣನಿಗೆ ಅರ್ಥವಾಗಲಿಲ್ಲ. ಹಗಲು ಹೊತ್ತಿನಲ್ಲಿ ಅಂಗಡಿ ಮುಚ್ಚಿ ಇದೆಂಥ ಹುಚ್ಚು ಎಂದ. ಆದರೂ ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಬೇರೆ ಬಟ್ಟೆ ಹೊದಿಸಿ ಕತ್ತರಿ ಹಿಡಿದ. ಮೇಷ್ಟ್ರು ಕೈ ಎತ್ತಿದ್ದು, ಬೆಳಕು ಸಾಲದ್ದು, ಅವರಿಗೆ ವಯಸ್ಸಾದದ್ದು ಎಂದು ಒಂದೊಂದನ್ನೇ ಹೇಳುತ್ತ ಕತ್ತರಿಸಿದ. ಕತ್ತರಿಯ ಸದ್ದು ಬಲಗಡೆ ಬಹಳ ಹೊತ್ತು ಇತ್ತು, ಎಡಗಡೆ ಬೇಗ ಮುಗಿಯಿತು. ಆಯಿತು ಏಳು ಎಂದ ಅಣ್ಣ.

ತಮ್ಮ ಏಳಲಿಲ್ಲ. "ಅಪ್ಪನ ಹಾಗೆ ಒಂದು ಸಲ ಕೈಯಿಟ್ಟು ನೋಡಣ್ಣ. ಯಾರೂ ಇಲ್ಲ ಇಲ್ಲಿ."

ಹೇಳಿ, ಮೇಷ್ಟ್ರ ಹಾಗೆ ಕಣ್ಣು ಮುಚ್ಚಿಕೊಂಡ. ಕನ್ನಡಿಯಲ್ಲಿ ಅಣ್ಣನ ಮುಖ ನೋಡಬಾರದೆಂದು ಅವನಿಗೆ ಅನಿಸಿತ್ತು.

ಹೊರಗೆ ಯಾರೋ ಶಟರ್ ಬಡಿದು, ಇವತ್ತು ರಜವೇನೋ ಎಂದುಕೊಂಡು ಹೋದರು. ಆಮೇಲೆ ಎರಡು ಅಂಗೈಗಳು ತಮ್ಮನ ತಲೆಯ ಮೇಲೆ ಬಂದು ಕೂತವು. ಒದ್ದೆಯಾಗಿದ್ದವು, ತಣ್ಣಗಿದ್ದವು. ಒಟ್ಟಿಗೇ ಕೆಳಗಿಳಿದವು. ಬಲಗೈ ಸರಾಗವಾಗಿ ಕಿವಿಯವರೆಗೆ ಹೋಯಿತು. ಎಡಗೈ ನಡುವೆ ನಿಂತಿತು. ಮತ್ತೆ ಮೇಲೆ ಹೋಗಿ ಮತ್ತೆ ಇಳಿದವು. ಎಡಗೈ ಅಲ್ಲೇ ನಿಂತಿತು.

"ನೀನು ತಲೆ ವಾಲಿಸಿದ್ದೆ," ಎಂದ ಅಣ್ಣ.

ನಾನೇ ಇರಬೇಕು ಎಂಬ ಮಾತು ತಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ದಿನದ ಅಭ್ಯಾಸ. ಅವನು ಅದನ್ನು ಹಲ್ಲು ಕಚ್ಚಿ ತಡೆದುಕೊಂಡ. ಅಂಗೈಗಳು ಇನ್ನೂ ಅವನ ತಲೆಯ ಮೇಲೆಯೇ ಇದ್ದವು. ಮೂರನೆಯ ಸಲ ಇಳಿದಾಗ ಎಡಗೈಯ ಬೆರಳುಗಳು ಉಳಿದ ಕುಚ್ಚನ್ನು ಹಿಡಿದು ನೋಡಿದವು.

"ಯಾವಾಗಿನಿಂದ ಹೀಗೆ?"

"ಹೋದ ವರ್ಷದಿಂದ."

"ಮೇಷ್ಟ್ರಿಗೆ ಗೊತ್ತಾ?"

"ಗೊತ್ತು."

"ಟೈಲರಿಗೆ?"

"ಗೊತ್ತಣ್ಣ."

ಅಣ್ಣ ಎರಡನೇ ಕುರ್ಚಿಯ ಪಕ್ಕದ ಪೌಡರ್ ಡಬ್ಬಿಯನ್ನು ನೋಡುತ್ತ ನಿಂತ. ಅದು ಅವನ ಬಲಗಡೆ ಇತ್ತು. ಪೌಡರ್ ಹಾಕುತ್ತಿದ್ದದ್ದು ಯಾಕೆ ಎಂದು ಅವನು ಕೇಳಲಿಲ್ಲ. ಕೊನೆಗೆ ಹೆಂಡತಿಗೂ ಗೊತ್ತಾ ಎಂದು ಕೇಳಿದ. ತಮ್ಮನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

"ಬೀದಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಎಲ್ಲ ಸೇರಿ ನನ್ನ ಕಣ್ಣು ಕಟ್ಟಿದ್ರಿ."

ಕುರ್ಚಿಯ ವಿಷಯ ಎತ್ತಿ ನನ್ನ ಬಾಯಿ ಮುಚ್ಚಿಸಿದವನು ನೀನಲ್ಲವಾ ಎಂದು ತಮ್ಮ ಕೇಳಬಹುದಿತ್ತು. ಕೇಳಲಿಲ್ಲ. ಅಣ್ಣನ ಮಾತಿನಲ್ಲಿ ಎಷ್ಟು ಅನ್ಯಾಯವಿತ್ತೋ ಅಷ್ಟೇ ನಿಜವೂ ಇತ್ತು. ಅಣ್ಣ ಹೋಗಿ ಎರಡನೇ ಕುರ್ಚಿಯಲ್ಲಿ ಕೂತುಕೊಂಡ. ಅಷ್ಟು ವರ್ಷಗಳಲ್ಲಿ ಅವನು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಎರಡು ಕುರ್ಚಿಗಳಲ್ಲಿ ಅಣ್ಣತಮ್ಮಂದಿರು ಕನ್ನಡಿಗೆ ಎದುರಾಗಿ, ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು.

ಮರುದಿನ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಅಣ್ಣನ ಎದುರು ಕೂತು, ನನ್ನ ಮೂಗನ್ನೇ ನೋಡುತ್ತಿರಿ, ಬೆರಳು ಕಂಡಕೂಡಲೇ ಹೇಳಿ ಎಂದಳು. ಬಲಗಡೆಯಿಂದ ಬೆರಳು ತಂದಾಗ ಅಣ್ಣ ಸ್ವಲ್ಪ ತಡವಾಗಿ, ಕಂಡಿತು ಎಂದ. ಎಡಗಡೆಯಿಂದ ತಂದಾಗ ಏನೂ ಹೇಳಲಿಲ್ಲ. ಬೆರಳು ಅವನ ಕಿವಿ ದಾಟಿ, ಹುಬ್ಬಿನ ಹತ್ತಿರ ಬಂದು, ಆಡುತ್ತಲೇ ಇತ್ತು. ಇನ್ನೂ ತರಲಿಲ್ಲವಾ ಡಾಕ್ಟ್ರೇ ಎಂದು ಅಣ್ಣ ಕೇಳಿದ. ಗೋಡೆಗೆ ಒರಗಿ ನಿಂತಿದ್ದ ತಮ್ಮ ಮುಖ ತಿರುಗಿಸಿಕೊಂಡ.

ಕಣ್ಣಿನೊಳಗೆ ಒತ್ತಡ ಏರಿ, ನೋವಿಲ್ಲದೆ, ಸದ್ದಿಲ್ಲದೆ, ಬದಿಯಿಂದ ದೃಷ್ಟಿಯನ್ನು ತಿನ್ನುತ್ತ ಬರುವ ರೋಗವಿದು ಎಂದಳು ಡಾಕ್ಟರಮ್ಮ. ಎಡಗಣ್ಣು ಬಹುಪಾಲು ಹೋಗಿದೆ, ಬಲಗಣ್ಣಿನಲ್ಲಿ ಶುರುವಾಗಿದೆ. ದಿನವೂ ತಪ್ಪದೆ ಹನಿ ಹಾಕಿದರೆ ಉಳಿದದ್ದು ಉಳಿಯಬಹುದು, ಹೋದದ್ದು ಬರುವುದಿಲ್ಲ. ಒಂದು ವರ್ಷ ಮುಂಚೆ ಬಂದಿದ್ದರೆ ಎಂದು ಆಕೆ ಅರ್ಧಕ್ಕೆ ನಿಲ್ಲಿಸಿ, ಮನೆಯವರು ಯಾರೂ ಗಮನಿಸಲೇ ಇಲ್ಲವೇ ಎಂದು ತಮ್ಮನ ಕಡೆ ನೋಡಿದಳು. ತಮ್ಮ ತಲೆ ತಗ್ಗಿಸಿದ.

"ಅವನದೇನೂ ತಪ್ಪಿಲ್ಲ ಡಾಕ್ಟ್ರೇ," ಎಂದ ಅಣ್ಣ. "ಹೇಳೋಕೆ ಬಂದಿದ್ದ. ನಾನು ಹೇಳಗೊಡಲಿಲ್ಲ."

ಮನೆಗೆ ಬಂದ ಮೇಲೆ ಅಣ್ಣ ಒಳಗೆ ಹೋಗಿ ಮಲಗಿಬಿಟ್ಟ. ಅತ್ತಿಗೆ ಎಲ್ಲ ಕೇಳಿಸಿಕೊಂಡು ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತಳು. ಎಷ್ಟೋ ದಿನದಿಂದ ಅವನ ತಟ್ಟೆಯನ್ನೂ ಲೋಟವನ್ನೂ ಬಲಗಡೆಗೇ ಇಡುತ್ತಿದ್ದಳಂತೆ. ಎಡಗಡೆ ಇಟ್ಟರೆ ಕೈ ತಗುಲಿ ಚೆಲ್ಲುತ್ತದೆ, ಯಾಕಿಲ್ಲಿ ಇಟ್ಟೆ ಎಂದು ಜಗಳವಾಗುತ್ತದೆ ಎಂದು.

"ಒಂದೆರಡು ಸಲ ಚೆಲ್ಲೋಕೆ ಬಿಡಬೇಕಿತ್ತು ಕಣೋ," ಎಂದಳು ಮೈದುನನಿಗೆ. "ಬೈಸಿಕೊಳ್ಳಬೇಕಿತ್ತು. ನಾನು ಬೈಗುಳ ತಪ್ಪಿಸಿಕೊಂಡೆ."

ಅವಳ ಪ್ರಾರ್ಥನೆಗಳೆಲ್ಲ ಮನೆಯಲ್ಲಿ ಶಾಂತಿ ಇರಲಿ ಎಂಬುದೇ ಆಗಿದ್ದವು. ಶಾಂತಿ ಇತ್ತು.

ಅಣ್ಣ ಅಂಗಡಿಗೆ ಬರುವುದನ್ನು ಬಿಟ್ಟ. ತಮ್ಮ ಒಬ್ಬನೇ ಶಟರ್ ಎತ್ತಿ, ಒಬ್ಬನೇ ಕನ್ನಡಿಯ ಮುಂದೆ ನಿಂತು, ಎರಡನೇ ಕುರ್ಚಿಯಲ್ಲೇ ಕೆಲಸ ಮಾಡಿದ. ಅಪ್ಪನ ಕುರ್ಚಿಯನ್ನು ದಿನವೂ ಒರೆಸಿ ಖಾಲಿ ಬಿಡುತ್ತಿದ್ದ. ಗಿರಾಕಿಗಳು ಅವನ ತಲೆಯ ಎಡಗಡೆಯ ಕುಚ್ಚನ್ನು ನೋಡುತ್ತಿದ್ದರು. ಅದನ್ನು ಬೇರೆ ಯಾರಿಂದಲೂ ಕತ್ತರಿಸಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಮೇಷ್ಟ್ರು ಬಂದು, ಹೊಲಿಗೆ ಬಿಚ್ಚಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಒಂದು ಬೆರಳು ಮಡಚುತ್ತಿರಲಿಲ್ಲ. ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ಅಣ್ಣ ಒಂದು ಸಂಜೆ ಅವರ ಮನೆಗೆ ಹೋಗಿದ್ದನಂತೆ. ಬಹಳ ಹೊತ್ತು ಕೂತಿದ್ದು ಎದ್ದುಹೋದನಂತೆ. ಹೋಗುವಾಗ ಬಾಗಿಲ ಕಂಬವನ್ನು ಕೈಯಿಂದ ಮುಟ್ಟಿ ನೋಡಿಕೊಂಡು ದಾಟಿದ ಎಂದು ಮೇಷ್ಟ್ರು ಹೇಳಿದರು.

ಮಂಜಿನ ಕಾಲ ಮುಗಿದು ಬಿಸಿಲು ಅಂಗಡಿಯ ಒಳಗಿನವರೆಗೂ ಬರತೊಡಗಿದ ಮೇಲೆ, ಒಂದು ಬೆಳಿಗ್ಗೆ ಟೈಲರು ಕುರ್ಚಿಯಲ್ಲಿದ್ದ. ತಮ್ಮ ಅವನ ಗಲ್ಲಕ್ಕೆ ನೊರೆ ಹಚ್ಚಿ, ಅಗ್ಗದ ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸುತ್ತಿದ್ದ. ಬಾಗಿಲಲ್ಲಿ ಅಣ್ಣ ಕಾಣಿಸಿಕೊಂಡ. ಎಡಗಡೆಯ ಕಂಬವನ್ನು ಮುಟ್ಟಿ ಒಳಗೆ ಬಂದ. ಅಪ್ಪನ ಕುರ್ಚಿಯ ಬೆನ್ನಿನ ಮೇಲೆ ಒಂದು ಗಳಿಗೆ ಕೈಯಿಟ್ಟು, ಡ್ರಾಯರಿನ ಹತ್ತಿರ ಹೋಗಿ, ಕೀಲಿಯ ತೂತನ್ನು ಹೆಬ್ಬೆರಳಿನಿಂದ ಹುಡುಕಿ ತೆರೆದ. ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದು, ಬಿಚ್ಚಿ, ಮರದ ಹಿಡಿಯನ್ನು ಮುಂದೆ ಮಾಡಿ ಹಿಡಿದ.

"ಸಾಣೆ ಸರಿಯಾಗೇ ಇತ್ತು," ಎಂದ. ಮೆಲ್ಲಗೆ ಎಂದ, ಆದರೆ ಟೈಲರಿಗೂ ಕೇಳಿಸುವಷ್ಟು.

ಟೈಲರು ತನ್ನ ಎಡಗಿವಿಯನ್ನು ಮುಟ್ಟಿಕೊಂಡ. ಷಡ್ಡಕನ ಸುದ್ದಿ ಎತ್ತಲಿಲ್ಲ.

ತಮ್ಮ ನೊರೆಯ ಕೈಗಳನ್ನು ಒರೆಸಿಕೊಂಡ. ಅವನು ನಿಂತಿದ್ದದ್ದು ಅಣ್ಣನ ಎಡಗಡೆ. ಅಣ್ಣ ಕತ್ತಿಯನ್ನು ನೇರ ಮುಂದಕ್ಕೆ, ಯಾರೂ ಇಲ್ಲದ ಕಡೆಗೆ ಚಾಚಿ ಹಿಡಿದುಕೊಂಡು ಕಾಯುತ್ತಿದ್ದ. ತಮ್ಮ ಸುತ್ತು ಬಂದು, ಅವನಿಗೆ ಕಾಣುವ ಕಡೆ ನಿಂತು, ಎರಡೂ ಕೈಯಿಂದ ಅದನ್ನು ತೆಗೆದುಕೊಂಡ.